ಬೀಗ ಹೇಳಿಕೊಟ್ಟವನು

ಗಾಡಿಗೆ ಬೀಗ ಹಾಕೋದು ಹೇಗೆ ಅಂತ ಹೇಳಿಕೊಟ್ಟಿದ್ದೇ ನನ್ನ ಗಂಡ ಮಾಡಿದ ತಪ್ಪು. ಬೇರೆ ಏನೂ ಮಾಡಿಲ್ಲ. ಠಾಣೆಯವರು ಅವನ ಅಂಗಾಲಿಗೆ ಅಷ್ಟು ಹೊಡೆದ್ರಲ್ಲ, ಆಗಲೂ ಬೇರೆ ಏನೂ ಹೊರಬೀಳಲಿಲ್ಲ.

ನನ್ನ ಹೆಸರು ಗಾಲಿಯಾ. ಇಬ್ಬ್‌ನಿಂದ ತಾಯಿಝ್ ಪಟ್ಟಣದ ಕಡೆ ಹೋಗೋ ದಾರೀಲಿರೋ ಪೇಟೇಲಿ ಕಸ ಗುಡಿಸ್ತೀನಿ. ನಮ್ಮವ್ವನೂ ಗುಡಿಸ್ತಿದ್ಲು, ಅವಳ ಅವ್ವನೂ ಗುಡಿಸ್ತಿದ್ಲು. ಊರು ನಮ್ಮ ಜನಕ್ಕೆ ಇಟ್ಟಿರೋ ಹೆಸರು ಅಖ್ದಾಮ್. ಆಳುಗಳು ಅಂತ. ಒಬ್ಬನಾದ್ರೆ ಖಾದಿಮ್. ಯಾರ ಆಳು ಅಂತ ಕೇಳಿದ್ರೆ ಎಲ್ಲರ ಆಳು. ಕಾಗದದಲ್ಲಿ ಬರೆಯೋರು ಈಗ ಇನ್ನೊಂದು ಒಳ್ಳೆ ಹೆಸರು ಇಟ್ಟಿದ್ದಾರಂತೆ. ಆ ಹೆಸರಿನಿಂದ ನಮ್ಮನ್ನ ಕರೆದೋರನ್ನ ನಾನಂತೂ ಇವತ್ತಿನವರೆಗೆ ನೋಡಿಲ್ಲ.

ನನ್ನ ಗಂಡ ಫರಜ್. ಮೋಟರ್‌ಬೈಕಲ್ಲಿ ಜನರನ್ನ ಕೂರಿಸ್ಕೊಂಡು ಅಲ್ಲಿಂದಿಲ್ಲಿಗೆ ಬಿಡೋದು ಅವನ ಕೆಲಸ. ಹಿಂದೆ ಒಬ್ಬರು, ಕೆಲವು ಸಲ ಇಬ್ಬರು, ಅವರ ಮಡಿಲಲ್ಲೊಂದು ಕುರಿಯೋ ಗ್ಯಾಸ್ ಸಿಲಿಂಡರೋ ಇದ್ರೆ ಅದೂ. ಎಲ್ಲಾನೂ ಹೇರ್ಕೊಂಡು ಗುಡ್ಡ ಹತ್ತಿಸ್ತಾನೆ. ಹಳೇ ಚೀನಾ ಗಾಡಿ, ಸೈಲೆನ್ಸರಿಗೆ ತಂತಿ ಕಟ್ಟಿದ್ದು. ನಮ್ಮ ಕೇರೀಲಿ ಸ್ವಂತ ಗಾಡಿ ಅಂತ ಇದ್ದದ್ದು ಅದೊಂದೇ.

ನಮ್ಮ ಪೇಟೇಲಿ ಗಾಡಿ ಕಳ್ಳತನ ದಿನಾ ಇದ್ದದ್ದೇ. ಯುದ್ಧ ಶುರುವಾಗಿ ಸಂಬಳಗಳು ನಿಂತ ಮೇಲಂತೂ ಕೇಳೋದೇ ಬೇಡ. ಮಸೀದಿ ಮುಂದೆ ನಿಲ್ಸಿ ನಮಾಜು ಮುಗಿಸಿ ಬಂದ್ರೆ ಚಪ್ಪಲಿ ಇರುತ್ತೆ, ಗಾಡಿ ಇರಲ್ಲ. ಫರಜ್‌ಗೆ ಅದೇ ಹೆದರಿಕೆ. ಬೇರೆಯವರದ್ದು ಕಳೆದುಹೋದ್ರೆ ಊರೇ ಹುಡುಕುತ್ತೆ, ನಮ್ದು ಕಳೆದುಹೋದ್ರೆ ದೂರು ಕೊಡೋಕೆ ಹೋದ ನಮ್ಮನ್ನೇ ತಡಕ್ತಾರೆ ಅನ್ನೋನು.

ಅದಕ್ಕೇ ಅವನ ಗಾಡಿಗೆ ಬೀಗದ ಮೇಲೆ ಬೀಗ. ಹ್ಯಾಂಡಲ್ ಲಾಕ್ ಮಾಡೋನು. ಹಿಂದಿನ ಚಕ್ರದೊಳಗೆ ಸರಪಣಿ ತೂರಿಸಿ ಲೈಟು ಕಂಬಕ್ಕೆ ಸುತ್ತೋನು. ಬರೀ ಚಕ್ರಕ್ಕೆ ಹಾಕಿದ್ರೆ ಗಾಡೀನೇ ಎತ್ತಿ ಪಿಕಪ್ಪಿಗೆ ಹಾಕ್ಕೊಂಡು ಹೋಗ್ತಾರಂತೆ. ಸರಪಣಿ ನೆಲ ಮುಟ್ಟಬಾರದು, ಮುಟ್ಟಿದ್ರೆ ಕಲ್ಲಿನ ಮೇಲಿಟ್ಟು ಸುತ್ತಿಗೇಲಿ ಒಡೀತಾರಂತೆ. ಅದಕ್ಕೆ ಬಿಗಿಯಾಗಿ ಮೇಲಕ್ಕೆಳೆದು ಕಟ್ಟೋನು. ಪ್ಲಗ್ಗಿನ ಟೋಪಿ ಕಿತ್ತು ಜೇಬಿಗೆ ಹಾಕ್ಕೊಳ್ಳೋನು. ಪೆಟ್ರೋಲು ಬಂದ್ ಮಾಡೋನು. ಸೀಟಿನ ಕೆಳಗೆ, ಕೈ ಹಾಕಿ ತಡಕಿದ್ರಷ್ಟೇ ಸಿಗೋ ಜಾಗದಲ್ಲಿ ಒಂದು ಕಳ್ಳ ಸ್ವಿಚ್ಚು ಇಟ್ಟಿದ್ದ. ಅದು ಆಫ್ ಇದ್ರೆ ಯಾರಪ್ಪ ಬಂದು ಒದ್ದರೂ ಗಾಡಿ ಕೆಮ್ಮಲ್ಲ. ಮನೇಲೂ ಅಷ್ಟೇ, ಮಳೆ ಬಂದ್ರೆ ಗಾಡಿ ಗುಡಿಸಲ ನಡುವೆ, ನಾವು ಬಾಗಿಲ ಹತ್ರ ಮುದುರಿಕೊಂಡು.

ಸ್ಟ್ಯಾಂಡಿನಲ್ಲಿ ಉಳಿದ ಗಾಡಿಯವರು ಆಡ್ಕೊಳ್ಳೋರು. ಹೆಂಡತಿಗೂ ಇಷ್ಟೇ ಬೀಗ ಹಾಕಿದ್ದೀಯೇನೋ ಅಂತ ಒಬ್ಬ ಕೇಳಿದ್ನಂತೆ. ಅವಳನ್ನ ಯಾರೂ ಕದಿಯಲ್ಲ, ಬಾಯಿ ಜೋರು ಅಂದ್ನಂತೆ ಇವನು. ಮನೆಗೆ ಬಂದು ನನಗೇ ಹೇಳಿ ನಕ್ಕ. ಆಡ್ಕೊಂಡೋರೇ ಆಮೇಲೆ ಒಬ್ಬೊಬ್ಬರಾಗಿ ಬಂದು ಕೇಳೋರು. ಸರಪಣಿ ಎಲ್ಲಿ ಸಿಗುತ್ತೆ, ಸ್ವಿಚ್ಚಿನ ವೈರು ಎಲ್ಲಿಂದೆಲ್ಲಿಗೆ ಅಂತ. ಇವನು ಕೂತು ಹೇಳಿಕೊಡೋನು. ಒಬ್ಬರಿಗೂ ಇಲ್ಲ ಅಂದವನಲ್ಲ. ತನ್ನತ್ರ ಕಲಿಯೋಕೆ ಕುಲ ಇರೋ ಜನ ಬರ್ತಾರಲ್ಲ ಅಂತ ಒಳಗೊಳಗೇ ಖುಷಿ ಅವನಿಗೆ. ಪಾಪದವನು.

ಮುಕ್ಬಿಲ್‌ಗೂ ಹೇಳಿದ್ದ. ಮುಕ್ಬಿಲ್ ಕಾತ್ ಸೊಪ್ಪಿನ ವ್ಯಾಪಾರಿ, ಗಂಡಸರು ಮಧ್ಯಾಹ್ನವೆಲ್ಲ ದವಡೇಲಿಟ್ಟು ಅಗಿಯೋ ಅಮಲಿನ ಸೊಪ್ಪು. ಮಾರ್ಕೆಟ್ಟಿನ ಬಾಗಿಲಲ್ಲೇ ಅವನ ಕಟ್ಟೆ. ಅವನ ಕುಲ ದೊಡ್ಡದು, ಮೇಲಿನ ಗುಡ್ಡದ ಅರ್ಧ ಅವರದ್ದೇ. ಅವನ ಗಾಡಿ ಕೆಂಪು, ಹೊಸದು. ಅದರ ಕೀ ಯಾವಾಗಲೂ ಗಾಡೀಲೇ ನೇತಾಡ್ತಿತ್ತು. ಮರೆತು ಅಲ್ಲ. ಬೇಕಂತಲೇ. ಆ ಕುಲದ ಗಂಡಸರೆಲ್ಲ ಹಾಗೇನೇ. ಕೀ ತೆಗೆದು ಜೇಬಿಗೆ ಹಾಕ್ಕೊಂಡ್ರೆ ಹೆದರಿದ ಹಾಗಂತೆ. ನಮ್ಮ ಕುಲದ ಗಾಡಿ ಮುಟ್ಟೋ ಗಂಡು ಯಾರಿದ್ದಾನೆ ಅಂತ ಊರಿಗೆ ತೋರಿಸೋಕೆ ಕೀ ಹಾಗೇ ಬಿಡೋದು. ಫರಜ್ ಅದನ್ನ ನೋಡಿ ನೋಡಿ ತಡೆಯಲಾರದೆ ಒಂದು ದಿನ ಹೇಳೇಬಿಟ್ಟ. ಅಣ್ಣ, ಕೀ ತೆಗೀರಿ, ಕಳ್ಳನಿಗೆ ಒಂದು ನಿಮಿಷ ಸಾಕು, ಹೀಗೆ ಕೂರ್ತಾನೆ, ಹೀಗೆ ತಿರುಗಿಸ್ತಾನೆ, ಹೋಗ್ತಾನೆ ಅಂತ ಕೈ ಮಾಡಿ ತೋರಿಸಿದ. ಮುಕ್ಬಿಲ್ ದವಡೇಲಿ ಸೊಪ್ಪು ತುಂಬ್ಕೊಂಡು ನಕ್ಕ.

ಆಮೇಲೆ ಒಂದು ಮಧ್ಯಾಹ್ನ, ಎಲ್ಲರೂ ಗೋಡೆಗೊರಗಿ ಸೊಪ್ಪು ಅಗೀತಾ ಕೂತಿರೋ ಹೊತ್ತಲ್ಲಿ, ಕೆಂಪು ಗಾಡಿ ಮಾಯ.

ಮುಕ್ಬಿಲ್‌ಗೆ ಯೋಚನೆ ಮಾಡೋ ಕೆಲಸವೇ ಇರಲಿಲ್ಲ. ಫರಜ್‌ನೇ ಕದ್ದಿದ್ದು ಅಂದ. ಕಳ್ಳ ಹೇಗೆ ತಗೊಂಡು ಹೋಗ್ತಾನೆ ಅಂತ ನನಗೇ ಮಾಡಿ ತೋರಿಸಿದ್ದ ಅಂದ. ಪೊಲೀಸರು ಸ್ಟ್ಯಾಂಡಿನವರನ್ನ ಕೇಳಿದ್ರು. ಹೌದು, ಇವನಿಗೆ ಬೀಗದ ವಿಷಯವೆಲ್ಲ ಗೊತ್ತು, ನಮಗೂ ಹೇಳಿಕೊಟ್ಟಿದ್ದಾನೆ ಅಂದ್ರು. ಹೇಳಿದ್ದು ನಿಜವೇ. ಆದ್ರೆ ಕಾಪಾಡ್ಕೊಳ್ಳೋಕೆ ಹೇಳಿಕೊಟ್ಟ ಅನ್ನೋ ಒಂದು ಮಾತು ಯಾರ ಬಾಯಿಂದಲೂ ಬರಲಿಲ್ಲ. ಫರಜ್‌ನ ಎಳ್ಕೊಂಡು ಹೋದ್ರು. ಅವನ ಗಾಡೀನೂ ಜೊತೆಗೇ ತಗೊಂಡು ಹೋದ್ರು. ಠಾಣೆ ಅಂಗಳದಲ್ಲಿ ಅವನ ಕೈಯಿಂದಲೇ ಕಿಟಕಿಯ ಸರಳಿಗೆ ಸರಪಣಿ ಹಾಕಿಸಿ, ಬೀಗದ ಕೈ ಕಿತ್ಕೊಂಡ್ರು.

ನಾನು ಆಗ ಮಾಂಸದಂಗಡಿ ಸಾಲು ಗುಡಿಸ್ತಿದ್ದೆ. ರಕ್ತದ ನೀರು, ಕೊಂಬು, ಕರುಳು. ಬಗ್ಗಿದ ಬೆನ್ನು ಎತ್ತೋ ಹಾಗಿಲ್ಲ, ಎತ್ತಿದ್ರೆ ಮತ್ತೆ ಬಗ್ಗೋಕಾಗಲ್ಲ. ತುಫ್ಫಾಹ ಓಡಿಬಂದು ಹೇಳಿದ್ಲು. ಅವಳು ನನ್ನ ಜೊತೆ ಗುಡಿಸೋಳು, ನನಗಿಂತ ದೊಡ್ಡವಳು. ಕಸದ ಬಂಡಿ ಅಲ್ಲೇ ಬಿಟ್ಟು ಹೋದೆ.

ಠಾಣೇಲಿ ಹೇಳಿದ್ದು ಇಷ್ಟು. ಅಂಗಡಿ ಇರೋ ಒಬ್ಬ ಮನುಷ್ಯ ಬಂದು ಜಾಮೀನು ನಿಲ್ಲಲಿ, ಬಿಡ್ತೀವಿ.

ಆ ಬೀದೀಲಿ ಎಷ್ಟು ಅಂಗಡಿ ಇದ್ಯೋ ಅಷ್ಟರ ಮುಂದೂ ನಾನು ಗುಡಿಸಿದ್ದೀನಿ. ಒಬ್ಬೊಬ್ಬರ ಹತ್ರಾನೂ ಹೋದೆ. ಬೇಕರಿಯವನು ಅಯ್ಯೋ ಪಾಪ ಅಂದ, ನಮ್ಮಣ್ಣನ್ನ ಕೇಳ್ಬೇಕು ಅಂದ. ಔಷಧಿ ಅಂಗಡಿಯವನು ನಾನು ಮಾತು ಮುಗಿಸೋಕೆ ಮುಂಚೆ ಫೋನು ಕಿವಿಗಿಟ್ಕೊಂಡ. ಬಟ್ಟೆ ಅಂಗಡಿಯವನು ಮಾತ್ರ ಪೂರ್ತಿ ಕೇಳಿಸ್ಕೊಂಡ. ಕೇಳಿಸ್ಕೊಂಡು ಗಡ್ಡ ಸವರಿಕೊಂಡ. ಆಮೇಲೆ, "ಮೆಟ್ಟಿಲ ಹತ್ರ ಕಸ ಬಿದ್ದಿದೆ ನೋಡು, ಹೋಗ್ತಾ ತೆಗೆದುಬಿಡಮ್ಮ" ಅಂದ.

ತೆಗೆದೆ. ಏನು ಮಾಡಲಿ. ಕೈಗೆ ಅಭ್ಯಾಸ ಆಗಿಹೋಗಿದೆ. ತೆಗೀತಾ ತೆಗೀತಾ ನನ್ನ ಮೇಲೇ ನನಗೆ ಮೈಯೆಲ್ಲ ಉರಿದುಹೋಯ್ತು.

ದಿನಾ ಬೆಳಿಗ್ಗೆ ಲಹೂಹ್ ರೊಟ್ಟಿ ಕಟ್ಕೊಂಡು ಠಾಣೆ ಗೇಟಿಗೆ ಹೋಗ್ತಿದ್ದೆ. ಕಾವಲಿನವನು ಬಟ್ಟೆ ಗಂಟನ್ನ ಕೋಲಿನ ತುದೀಲಿ ತಗೊಳ್ಳೋನು. ಒಳಗಿಂದ ಕೆಲವು ಸಲ ಕೂಗು ಕೇಳೋದು. ಅವನದ್ದೋ ಬೇರೆಯವರದ್ದೋ ಗೊತ್ತಾಗ್ತಿರಲಿಲ್ಲ. ಅವನದ್ದಲ್ಲ ಅಂತ ಅಂದ್ಕೊಂಡು ಪೊರಕೆ ಎತ್ಕೊಂಡು ಕೆಲಸಕ್ಕೆ ಹೋಗ್ತಿದ್ದೆ. ಒಂದು ದಿನ ಹೋಗ್ದಿದ್ರೆ ಕೆಲಸದ ಪಟ್ಟಿಯಿಂದ ಹೆಸರು ಹೊಡೆದುಹಾಕ್ತಾರೆ.

ಆಮೇಲೆ ಕೆಂಪು ಗಾಡಿ ಬಂತು. ತಾನಾಗೇ ಬಂತು. ಮುಕ್ಬಿಲ್‌ನ ಅಕ್ಕನ ಮಗ ಬಸ್ಸಾಮ್, ಮದುವೆಗೆ ಅಂತ ಮೇಲಿನ ಹಳ್ಳಿಗೆ ಹೋಗಿದ್ದೋನು, ಹ್ಯಾಂಡಲಿಗೆ ಮಲ್ಲಿಗೆ ಹಾರ ಸುತ್ಕೊಂಡು, ಹಾರನ್ ಹೊಡ್ಕೊಂಡು ಮಾರ್ಕೆಟ್ಟಿಗೆ ಇಳಿದ. ಕೀ ಗಾಡೀಲೇ ಇತ್ತು, ಮಾವ ಸೊಪ್ಪಿನ ಗುಂಗಲ್ಲಿದ್ದ, ತಗೊಂಡು ಹೋದೆ ಅಂದ. ಮಾರ್ಕೆಟ್ಟಿಗೆ ಮಾರ್ಕೆಟ್ಟೇ ನಕ್ತು. ಮುಕ್ಬಿಲ್ ಅವನ ಕಿವಿ ಹಿಂಡಿ, ಬೆನ್ನು ತಟ್ಟಿ ತಾನೂ ನಕ್ಕ. ಕದ್ದ ಅನ್ನೋ ಮಾತು ಯಾರೂ ಆಡಲಿಲ್ಲ. ಅವರ ಮನೆ ಹುಡುಗ ತಗೊಂಡು ಹೋದ್ರೆ ತಗೊಂಡು ಹೋದ ಅಂತಾರೆ, ನಮ್ಮವನು ಬರೀ ನೋಡಿದ್ರೆ ಕದ್ದ ಅಂತಾರೆ. ನಾನು ಅಲ್ಲೇ ಸೊಪ್ಪಿನ ಕಡ್ಡಿ ಗುಡಿಸ್ತಿದ್ದೆ. ನನ್ನ ಕಡೆ ಒಬ್ಬನೂ ತಿರುಗಿ ನೋಡಲಿಲ್ಲ.

ತುಫ್ಫಾಹನ್ನ ಕರ್ಕೊಂಡು ಠಾಣೆಗೆ ಹೋದೆ. ಠಾಣೆ ಸಾಹೇಬ, "ನಿನ್ನ ಗಂಡನ್ನ ಕರ್ಕೊಂಡು ಹೋಗು, ದೇವರು ದೊಡ್ಡವನು" ಅಂದ. ಈಗ ಜಾಮೀನೂ ಬೇಡ, ಅಂಗಡಿಯವನೂ ಬೇಡ.

ಫರಜ್ ಹೊರಗೆ ಬಂದ. ಅಂಗಾಲು ಊರೋಕಾಗದೆ ಪಾದದ ಅಂಚಲ್ಲಿ ಹೆಜ್ಜೆ ಇಡ್ತಿದ್ದ. ಗೋಡೆ ಹಿಡ್ಕೊಂಡು ಹಿಡ್ಕೊಂಡು ಬಂದ. ನನ್ನ ಮುಖ ನೋಡಲಿಲ್ಲ. ಮೊದಲು ನೋಡಿದ್ದು ಗಾಡೀನ. ಅದು ಕಿಟಕಿ ಕೆಳಗಿತ್ತು. ಇದ್ದದ್ದು ಗಾಡಿಯಲ್ಲ, ಅದರ ಮೂಳೆ. ಸರಪಣಿ ಕತ್ತರಿಸಿ ಬಿದ್ದಿತ್ತು. ಮುಂದಿನ ಚಕ್ರ ಇಲ್ಲ, ಬ್ಯಾಟರಿ ಇಲ್ಲ, ಕನ್ನಡಿ ಇಲ್ಲ, ಸೀಟೂ ಇಲ್ಲ. ಪೊಲೀಸರ ಅಂಗಳದಲ್ಲಿ, ಪೊಲೀಸರ ಕಿಟಕಿಗೆ ಕಟ್ಟಿದ್ದ ಗಾಡಿ. ಇದೇನು ಅಂತ ಸಾಹೇಬನ್ನ ಕೇಳಿದೆ. ಕಳ್ಳರು ಎಲ್ಲಿಲ್ಲ ಹೇಳು ಅಂದ.

ಫರಜ್ ಸೀಟಿದ್ದ ಜಾಗದ ಕೆಳಗೆ ಕೈ ಹಾಕಿ ತಡಕಿದ. ಸ್ವಿಚ್ಚು ಅಲ್ಲೇ ಇತ್ತು. ಆಫ್ ಮಾಡಿದ್ದು ಆಫ್ ಮಾಡಿದ ಹಾಗೇ ಇತ್ತು. ಅದನ್ನ ಮುಟ್ಟಿ ಕೈ ತೆಗೆದ.

ಅಷ್ಟರಲ್ಲಿ ಮುಕ್ಬಿಲ್ ಬಂದ, ದೂರು ವಾಪಸ್ ತಗೊಳ್ಳೋಕೆ. ಕೈಯಲ್ಲಿ ಒಂದು ಕಟ್ಟು ಕಾತ್ ಸೊಪ್ಪು. ಒಳ್ಳೆ ಎಳೇ ಸೊಪ್ಪೇ. ಅದನ್ನ ಫರಜ್ ಕಡೆ ಚಾಚಿ, ಆಗಿದ್ದು ಆಗಿಹೋಯ್ತು ಬಿಡಪ್ಪ, ಅಗಿ, ನೋವು ಮರೆತುಹೋಗುತ್ತೆ ಅಂದ. ಫರಜ್ ಕೈ ಮುಂದೆ ಮಾಡಿದ. ಇಸ್ಕೊಳ್ಳೋನೇ ಇದ್ದ. ಸುಸ್ತಾದವನಿಗೆ ಏನು ಕೊಟ್ರೂ ಇಸ್ಕೋತಾನೆ.

"ಮುಟ್ಟಬೇಡ ಅದನ್ನ" ಅಂದೆ.

ಯಾಕೆ ಅಂದೆ ಅಂದ್ರೆ, ಮಳೆಗಾಲಕ್ಕೆ ಮುಂಚೆ ಇದೇ ಮುಕ್ಬಿಲ್‌ನ ಕಡೆಯವರು ಅಕ್ಕಿ ವ್ಯಾಪಾರಿಯೊಬ್ಬನ ಮೇಲೆ ಕಳ್ಳತನ ಹೊರಿಸಿದ್ರು. ಸುಳ್ಳು ಅಂತ ಗೊತ್ತಾಯ್ತು. ಅವನೂ ಒಂದು ಕುಲದವನೇ. ಆಗ ಏನು ಮಾಡಿದ್ರು? ಹತ್ತಾರು ಗಂಡಸರು ಅವನ ಮನೆ ಬಾಗಿಲಿಗೆ ಹೋದ್ರು. ಸೊಂಟದ ಜಂಬಿಯಾ ಬಿಚ್ಚಿ ಅವನ ಕಾಲ ಮುಂದೆ ಇಟ್ಟು, ತಪ್ಪಾಯ್ತು, ನೀನು ಏನು ತೀರ್ಪು ಕೊಟ್ರೂ ಸರಿ ಅಂದ್ರು. ಜಂಬಿಯಾ ಅಂದ್ರೆ ಅವರ ಬಾಗಿದ ಬಾಕು, ಗಂಡಸಿನ ಮಾನ. ನಮ್ಮ ಗಂಡಸರು ಅದನ್ನ ಕಟ್ಟೋ ಹಾಗೇ ಇಲ್ಲ. ಬಾಗಿಲಲ್ಲಿ ಒಂದು ಹೋರಿ ಕೊಯ್ದ್ರು. ಅನ್ಯಾಯಕ್ಕೆ ಸಿಕ್ಕಿದವನು ಬಾಕುಗಳನ್ನ ಎತ್ತಿ ಒಬ್ಬೊಬ್ಬರ ಕೈಗೆ ಕೊಟ್ಟ. ಅಲ್ಲಿಗೆ ತಪ್ಪು ತೀರ್ತು. ಅದೇ ಪದ್ಧತಿ. ನನಗೆ ಹೇಗೆ ಗೊತ್ತು ಅಂದ್ರೆ, ಆ ರಕ್ತ, ಸಗಣಿ ಎಲ್ಲ ಗುಡಿಸಿದವಳು ನಾನೇ.

ಅದನ್ನೇ ಹೇಳಿದೆ. ಹೋರಿ ಬೇಡ. ದುಡ್ಡು ಬೇಡ. ಜಂಬಿಯಾ ಬಿಚ್ಚಿ ಇವನ ಮುಂದೆ ಇಡು. ಅದಾಗೋವರೆಗೆ ಇಲ್ಲಿಂದ ಏಳಲ್ಲ ಅಂದೆ. ಅಂದು ಠಾಣೆ ಗೇಟಿನಲ್ಲೇ ಕೂತೆ.

ಸಾಹೇಬ ನಕ್ಕ. ಕಾವಲಿನವನು ನಕ್ಕ. ಮುಕ್ಬಿಲ್ ಮಾತ್ರ ನಗಲಿಲ್ಲ. ಅವನ ಕಿವಿ ಕೆಂಪಗಾಯ್ತು. ಖಾದಿಮನ ಮುಂದೆ ನಮ್ಮಜ್ಜನ ಜಂಬಿಯಾ ಇಡಬೇಕಾ ಅಂತ ನೆಲಕ್ಕೆ ಉಗಿದು ಹೋದ. ಸೊಪ್ಪಿನ ಕಟ್ಟನ್ನೂ ವಾಪಸ್ ತಗೊಂಡೇ ಹೋದ.

ತುಫ್ಫಾಹ ನನ್ನ ಪಕ್ಕ ಕೂತ್ಲು. ಮಾರನೇ ದಿನ ಗುಡಿಸೋ ಹೆಂಗಸರೆಲ್ಲ ಬಂದು ಕೂತ್ರು. ಯಾರೂ ಘೋಷಣೆ ಕೂಗಲಿಲ್ಲ, ನಮಗೆ ಅದೆಲ್ಲ ಬರಲ್ಲ. ಗುಡಿಸಲಿಲ್ಲ, ಅಷ್ಟೇ. ಮಾರ್ಕೆಟ್ಟಿನಲ್ಲಿ ಸೊಪ್ಪಿನ ಕಡ್ಡಿ ಮೊಣಕಾಲುದ್ದ ಬಿತ್ತು. ಮಾಂಸದ ಸಾಲು ನಾರೋಕೆ ಶುರುವಾಯ್ತು. ಕೆಲಸದಿಂದ ತೆಗೀತೀನಿ ಅಂತ ಮೇಸ್ತ್ರಿ ಬಂದು ಕೂಗಾಡಿದ. ತೆಗಿ, ನೀನೇ ಗುಡಿಸು ಅಂದ್ಲು ತುಫ್ಫಾಹ.

ಎಲ್ಲರಿಗಿಂತ ಹೆಚ್ಚು ನನ್ನನ್ನ ಬೇಡಿಕೊಂಡವನು ಫರಜ್. "ಗಾಲಿಯಾ, ಮನೆಗೆ ಹೋಗೋಣ. ನನಗೆ ಮಾನ ಬೇಡ, ನಿದ್ದೆ ಬೇಕು" ಅಂದ. ಗೋಡೆ ಬುಡದಲ್ಲಿ ಕಾಲು ಚಾಚಿ ಮಲಗಿದ್ದ. ಪಾದ ಊದಿ ಚಪ್ಪಲಿಗೆ ಹಿಡೀತಿರಲಿಲ್ಲ. ಎದ್ದುಬಿಡೋಣ ಅಂತ ನನಗೂ ಅನ್ನಿಸ್ತು. ನನಗೇನು ಕೂತಿರೋ ಆಸೆಯಾ? ನನ್ನ ಬೆನ್ನೂ ಸತ್ತು ಹೋಗಿತ್ತು. ಆದ್ರೆ ಈಗ ಎದ್ರೆ ಸಾಯೋವರೆಗೂ ಬಗ್ಗಿಕೊಂಡೇ ಇರಬೇಕಾಗುತ್ತೆ ಅನ್ನಿಸ್ತು. ಕೂತೇ ಇದ್ದೆ.

ಕೊನೆಗೆ ಶೇಖ್ ನಾಜಿ ಬಂದ. ಮುಕ್ಬಿಲ್‌ನ ಕುಲಕ್ಕೆ ಅವನೇ ಯಜಮಾನ. ಮುದುಕ, ಮಾತು ಕಡಿಮೆ. ನೊಣ ಮುತ್ತಿ ಗಿರಾಕಿ ಬರ್ತಿಲ್ಲ ಅಂತ ವ್ಯಾಪಾರಿಗಳೇ ಹೋಗಿ ಕರ್ಕೊಂಡು ಬಂದಿದ್ರು. ಹಿಂದೆ ಮುಕ್ಬಿಲ್, ಅವನಣ್ಣ, ಅರ್ಧ ಮಾರ್ಕೆಟ್ಟು.

ಶೇಖ್ ನನ್ನನ್ನ ಬಯ್ಯಲಿಲ್ಲ. ಸಮಾಧಾನವಾಗೇ ಕೇಳಿದ. "ನೋಡಮ್ಮ, ಈ ಪದ್ಧತಿ ಕುಲ ಇರೋರಿಗೆ. ನಿಮ್ಮ ಕುಲ ಯಾವುದು ಹೇಳು?"

"ಕುಲ ಇಲ್ಲ ಯಜಮಾನ್ರೆ" ಅಂದೆ. "ಕುಲ ಇಲ್ಲದವನ ಕಾಲು ಒಡೆಯೋಕೆ ಬರುತ್ತೆ, ಅವನ ಮುಂದೆ ಬಗ್ಗೋಕೆ ಬರಲ್ವಾ?"

ಶೇಖ್ ಫರಜ್‌ನ ಕಾಲು ನೋಡಿದ. ನಾರ್ತಿರೋ ಬೀದಿ ನೋಡಿದ. ಅವನಿಗೆ ಯಾವುದು ನಾಟ್ತೋ ನನಗೆ ಗೊತ್ತಿಲ್ಲ. ನನಗೆ ಕೇಳಿಸಿದ್ದು, ಇಟ್ಟುಬಿಡು, ಒಂದು ನಿಮಿಷದ ಕೆಲಸ ಅಂತ ಅವನು ಮುಕ್ಬಿಲ್‌ಗೆ ಹೇಳಿದ್ದು. ಆಮೇಲೆ ಎಲ್ಲರಿಗೂ ಕೇಳೋ ಹಾಗೆ, ಇದು ನನ್ನ ಮುಂದೆ, ಪದ್ಧತಿ ಪ್ರಕಾರ ನಡೀತಿದೆ, ಇದಕ್ಕೆ ಯಾರು ತಪ್ಪಿ ನಡೆದ್ರೂ ಕುಲಕ್ಕೆ ಮಸಿ ಅಂತ ಹೇಳಿದ.

ಮುಕ್ಬಿಲ್ ಸೊಂಟಪಟ್ಟಿ ಬಿಚ್ಚಿದ. ಹೆಗಲ ಶಾಲನ್ನ ನೆಲಕ್ಕೆ ಹಾಸಿ, ಫರಜ್‌ನಿಂದ ದೂರದಲ್ಲೇ, ಅದರ ಮೇಲೆ ಜಂಬಿಯಾ ಇಟ್ಟ. ಕೊಂಬಿನ ಹಿಡಿ, ಹಳದಿ ಬಣ್ಣ, ತಲೆಮಾರುಗಳ ಕೈ ತಾಗಿ ನುಣ್ಣಗಾಗಿತ್ತು. ಇಟ್ಟು ತಪ್ಪಾಯ್ತು ಅಂದ. ಬಾಯಿಂದ ಬಂತೋ ಮೂಗಿನಿಂದ ಬಂತೋ, ಅಂತೂ ಬಂತು.

ನನಗೆ ಅಷ್ಟು ಸಾಕಾಗಿತ್ತು. ನಿಜ ಹೇಳ್ತೀನಿ, ನಾನು ಏಳೋಕೆ ಕೈಯೂರಿದ್ದೆ. ಅಷ್ಟರಲ್ಲಿ ಮುಕ್ಬಿಲ್ ಶೇಖ್ ಕಡೆ ತಿರುಗಿ ಮೆಲ್ಲಗೆ, ಆದ್ರೆ ಎಲ್ಲರಿಗೂ ಕೇಳೋ ಹಾಗೆ ಅಂದ.

"ಅಲ್ಲೇ ಇರ್ಲಿ, ನಾನೇ ಎತ್ಕೋತೀನಿ. ಅವನು ಮುಟ್ಟೋದು ಬೇಡ."

ಫರಜ್ ಎದ್ದ. ನಾನು ಎಬ್ಬಿಸಲಿಲ್ಲ. ಮನೆಗೆ ಹೋಗೋಣ, ಮನೆಗೆ ಹೋಗೋಣ ಅಂತಿದ್ದವನು ಗೋಡೆ ಹಿಡ್ಕೊಂಡು ಎದ್ದ. ಗೋಡೆ ಬಿಟ್ಟ. ಆ ಊದಿದ ಪಾದವನ್ನ ಪೂರ್ತಿ ನೆಲಕ್ಕೂರಿ ನಡೆದ. ಅವನ ಮುಖ ಬೆವೆತು ಹೋಯ್ತು. ಬಗ್ಗಿ ಜಂಬಿಯಾ ಎತ್ಕೊಂಡ. ಎರಡು ಕೈಯಲ್ಲಿ ಹಿಡಿದು, ಪದ್ಧತಿ ಹೇಗಿದ್ಯೋ ಹಾಗೆ, ಮುಕ್ಬಿಲ್ ಮುಂದೆ ಚಾಚಿದ.

"ಕ್ಷಮಿಸಿದ್ದೀನಿ" ಅಂದ. "ತಗೋ."

ಮುಕ್ಬಿಲ್ ಒಂದು ಹೆಜ್ಜೆ ಹಿಂದೆ ಸರಿದ. ಕೆಳಗಿಡು ಅಂದ.

"ಕೆಳಗಿಡಲ್ಲ. ಕೈಯಿಂದ ತಗೋ."

ಮುಕ್ಬಿಲ್‌ನ ಅಣ್ಣ ಮುಂದೆ ಬಂದ. ಶೇಖ್ ಕೈ ಅಡ್ಡ ಹಿಡಿದ. ಆಮೇಲೆ ಅವನೇ ಫರಜ್‌ಗೆ ಕೆಳಗಿಟ್ಟುಬಿಡಪ್ಪ ಅಂದ. ಫರಜ್ ಅವನನ್ನೇ ಕೇಳಿದ. "ಯಜಮಾನ್ರೆ, ಅಕ್ಕಿ ವ್ಯಾಪಾರಿ ಕೆಳಗಿಟ್ಟಿದ್ನಾ?" ಇಟ್ಟಿದ್ದ ಅಂತ ಶೇಖ್‌ಗೆ ಅನ್ನೋಕಾಗಲಿಲ್ಲ. ಅವತ್ತು ಎಲ್ಲರೂ ನೋಡಿದ್ರಲ್ಲ.

ಫರಜ್‌ನ ತೋಳು ಸೋಲ್ತಾ ಬಂತು. ನಾನು ಹೋಗಿ ಅವನ ಮೊಣಕೈ ಕೆಳಗೆ ಕೈ ಕೊಟ್ಟೆ. ಮುಕ್ಬಿಲ್ ಒಂದು ಸಲ ಬೆರಳು ಚಾಚಿದ. ಚಾಚಿ, ಅಲ್ಲೇ ಮುಷ್ಟಿ ಕಟ್ಟಿ ಹಿಂದೆ ತಗೊಂಡ. ನಮಾಜಿನ ಕೂಗು ಬಂತು. ಜನ ಕರಗಿದ್ರು. ನೀನು ತಗೊಳ್ಳೋವರೆಗೆ ನನ್ನತ್ರ ಇರುತ್ತೆ ಅಂತ ಹೇಳಿ ಫರಜ್ ಅದನ್ನ ಎದೆಗೊತ್ಕೊಂಡು ಹೊರಟ. ಗಾಡಿ ಕಡೆ ತಿರುಗಿಯೂ ನೋಡಲಿಲ್ಲ.

ಈಗ ಅವನು ಗುಡಿಸಲಲ್ಲಿ ಮಲಗಿದ್ದಾನೆ. ಎಷ್ಟೋ ದಿನಕ್ಕೆ ಗೊರಕೆ ಹೊಡೀತಿದ್ದಾನೆ. ಜಂಬಿಯಾ ಅವನ ಎದೆ ಮೇಲಿದೆ, ಕೈ ಅದರ ಮೇಲಿದೆ. ಹೊರಗೆ ಬಿಸಿಲಲ್ಲಿ ಮುಕ್ಬಿಲ್‌ನ ಅಣ್ಣ ನಿಂತಿದ್ದಾನೆ, ಜೊತೆಗೆ ಬಂದೂಕು ಹಿಡಿದ ಇನ್ನೂ ಕೆಲವರು. ಶೇಖ್‌ನ ಮಾತಿಗೆ ಕಟ್ಟುಬಿದ್ದು ಒಳಗೆ ನುಗ್ಗಿಲ್ಲ. ಆ ಕಟ್ಟು ಎಷ್ಟು ಹೊತ್ತು ನಿಲ್ಲುತ್ತೋ ನನಗೆ ಗೊತ್ತಿಲ್ಲ. ನನಗೆ ಹೆದರಿಕೆ ಇದೆ, ಇಲ್ಲ ಅನ್ನಲ್ಲ. ಜಂಬಿಯಾನ ಬಾಗಿಲಿಂದ ಹೊರಗೆ ಎಸೆದುಬಿಡು, ನಾವು ಎತ್ಕೊಂಡು ಹೋಗ್ತೀವಿ, ನಿಮ್ಮ ತಂಟೆಗೆ ಬರಲ್ಲ ಅಂತ ಮುಕ್ಬಿಲ್‌ನ ಅಣ್ಣ ಎರಡು ಸಲ ಕೂಗಿ ಹೇಳಿದ. ಮೂರನೇ ಸಲ ಕೂಗೋಕೆ ಮುಂಚೆ ನಾನೇ ಬಾಗಿಲಿಗೆ ಬಂದೆ.

"ಮೆಲ್ಲಗೆ ಮಾತಾಡಪ್ಪ, ಅವನು ಮಲಗಿದ್ದಾನೆ" ಅಂದೆ. "ಎದ್ದ ಮೇಲೆ ಹೇಳಿ ಕಳಿಸ್ತೀನಿ. ನಿನ್ನ ತಮ್ಮನ್ನ ಬರೋಕೆ ಹೇಳು. ಕೈಯಿಂದ ತಗೊಂಡು ಹೋಗ್ಲಿ."